ಕಾಕಾನ ಸರ್ವರ್ ಮತ್ತು ಪಂಚಮಿಯ ಕರೆ

ನಮ್ಮ ಕಾಕಾ, ಅಂದರೆ ಚಿಕ್ಕಪ್ಪ, ದೊಡ್ಡ ಪರೋಪಕಾರಿ. ಇಡೀ ಜಗತ್ತಿಗೆ ಉಪಕಾರ ಮಾಡುತ್ತಾರೆ. ತಕರಾರು ಒಂದೇ: ಅವರ ಜಗತ್ತು ಗಾಜಿಪುರ ಓಣಿಯ ನಮ್ಮ ಮನೆಯ ಹೊಸ್ತಿಲು ದಾಟಿದ ಮೇಲೆ ಶುರುವಾಗುತ್ತದೆ!

ಕಾಕಾ ಒಂದು ಸರ್ವರ್ ಸಾಫ್ಟ್‌ವೇರ್ ಬರೆದಿದ್ದಾರೆ. ಸಣ್ಣ ಶಾಲೆಯವರು, ವಾಚನಾಲಯದವರು ತಮ್ಮದೇ ಹಳೆಯ ಕಂಪ್ಯೂಟರಿನಲ್ಲಿ ಪುಸ್ತಕ, ಪಾಠ, ಫೋಟೊ ಇಟ್ಟು ನಾಲ್ಕು ಜನರಿಗೆ ಹಂಚಲು ಬೇಕಾಗುವಂಥದ್ದು. ಪೂರ್ತಿ ಪುಕ್ಕಟೆ. ಅದರ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಇದೇ ಮಹಾನುಭಾವರ ಕಪಾಟನ್ನು ಅವರ ಹೆಂಡತಿ, ಅಂದರೆ ನಮ್ಮ ಕಾಕು, ಧೂಳು ಒರೆಸಲು ತೆರೆದರೆ ಮಾತ್ರ ಮನೆ ರಣರಂಗ!

ಸಾಫ್ಟ್‌ವೇರಿನಲ್ಲಿ ತಪ್ಪು ಕಂಡಾಗಲೆಲ್ಲ ಕಾಕಾ ತಿದ್ದಿ ಹೊಸ ಆವೃತ್ತಿ ಬಿಡುತ್ತಾರೆ. ಬಳಸುವವರಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಹಳೆಯದನ್ನೇ ಇಟ್ಟುಕೊಂಡು, ಯಾವತ್ತೋ ತಿದ್ದಿ ಮುಗಿಸಿದ ತಪ್ಪಿಗೆ ಇವತ್ತು ಬೈದು ಬರೆಯುತ್ತಾರೆ. ಒಂದು ದಿನ ಕಾಕಾ ಉರಿದುಬಿದ್ದರು.

"ಇನ್ನ ಮಂದೀನ ನಂಬಿ ಕೂತ್ರ ಆಗಂಗಿಲ್ಲ. ಸರ್ವರ್ ತಾನೇ ದಿನಾ ನನ್ನ ಮಷೀನಿಗೆ ಕೇಳಬೇಕು, ಹೊಸಾದೇನರ ಬಂದದೇನು ಅಂತ. ಬಂದಿದ್ರ ತನ್ನ ಮಾಲಕಗ ಹೇಳಬೇಕು!"

ಆ ಕೆಲಸದೊಳಗೆ ಹೊಕ್ಕರು ನೋಡಿ, ಊಟಕ್ಕೆ ಕರೆಯಲು ಹೋದವರನ್ನು ಸಾವಿನ ಸುದ್ದಿ ತಂದವರಂತೆ ದಿಟ್ಟಿಸುತ್ತಿದ್ದರು. ಅಂತೂ ಅದು ಸಿದ್ಧವಾಯಿತು, ಲೋಕಾರ್ಪಣೆಯೂ ಆಯಿತು. ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಕಾಕಾನ ಮಷೀನ್ ಉಸಿರುಗಟ್ಟಿ ಮಲಗಿಬಿಟ್ಟಿತು. ಯಾಕೆ? ಎಲ್ಲ ಸರ್ವರುಗಳೂ ಒಂದೇ ಗಳಿಗೆಗೆ ಕೇಳುವಂತೆ ಬರೆದಿದ್ದರು! ಯಾವ ಗಳಿಗೆ? ತಾವು ಚಹಾ ಕುಡಿಯುವ ಗಳಿಗೆ! ದಿನದಲ್ಲಿ ಅವರಿಗೆ ನೆನಪಿರುವ ಗಳಿಗೆ ಅದೊಂದೇ.

ಕಾಕು ಕಪ್ಪುಬಸಿ ಕೆಳಗಿಟ್ಟು ಹೇಳಿದರು: "ಒಬ್ಬ ಗಂಡ ಚಾ ಆತೇನು, ಚಾ ಆತೇನು ಅಂತ ಕೇಳಿದ್ರೇ ನನ್ನ ತಲಿ ತಿರಗ್ತದ. ಇಷ್ಟು ಮಂದಿ ಕೂಡಿ ಕೇಳಿದ್ರ ಆ ಬಡಪಾಯಿ ಬೀಳಬಾರದೇನ್ರಿ?"

ಕಾಕಾ ಒಂದೊಂದು ಸರ್ವರೂ ಒಂದೊಂದು ಹೊತ್ತಿಗೆ ಕೇಳುವಂತೆ ಮಾಡಿದರು. ಅಷ್ಟರಲ್ಲಿ ಯಾವುದೋ ದೇಶದ ಪುಣ್ಯಾತ್ಮನೊಬ್ಬ, ದಿನಾ ಕೇಳುವ ನೆಪದಲ್ಲಿ ನೀವು ನಮ್ಮ ಮನೆಯೊಳಗೆ ಇಣುಕುತ್ತಿದ್ದೀರಿ ಎಂದು ಬರೆದ. "ಕೇಳೋದು ಬ್ಯಾರೆ, ಇಣುಕೋದು ಬ್ಯಾರೆ! ಅಷ್ಟೂ ತಿಳಿಯಂಗಿಲ್ಲೇನು ಇವಂಗ!" ಎಂದು ಕಾಕಾ ಪರದೆಯತ್ತ ಕೂಗುತ್ತಿದ್ದರೆ, ಬೆರಳುಗಳು ಮಾತ್ರ ಇಂಗ್ಲಿಷಿನಲ್ಲಿ ಬಲು ನಯವಾಗಿ ಉತ್ತರ ಬರೆಯುತ್ತಿದ್ದವು. ಬೇಡವೆನ್ನುವವರಿಗೆ ದಿನಾ ಕೇಳುವುದನ್ನು ನಿಲ್ಲಿಸುವ ಅನುಕೂಲವನ್ನೂ ಕೊಟ್ಟರು. ಅಪರಿಚಿತರ ಮನಸ್ಸು ನೋಯಬಾರದಲ್ಲವೇ!

ಇಷ್ಟರಲ್ಲಿ ನಾಗರ ಪಂಚಮಿ ಹತ್ತಿರ ಬಂತು. ಕಮಲಾಪುರದಲ್ಲಿರುವ ನಮ್ಮ ಅತ್ತೆ ಕಾಕಾನ ಅಕ್ಕ. ಪಂಚಮಿಗೆ ಮನೆಯ ಹೆಣ್ಣುಮಗಳನ್ನು ಹೋಗಿ ಕರೆತರುವುದು ನಮ್ಮಲ್ಲಿ ವಾಡಿಕೆ. ನಮ್ಮಪ್ಪ ತೀರಿಕೊಂಡ ಮೇಲೆ ಆ ಕೆಲಸ ಕಾಕಾನದು. ಈ ಸಲ ಕಾಕಾನಿಗೆ ಪುರುಸೊತ್ತೆಲ್ಲಿ? ಅದಕ್ಕೂ ಒಂದು ಪ್ರೋಗ್ರಾಮ್ ಬರೆದುಬಿಟ್ಟರು! ದಿನಾ ಬೆಳಿಗ್ಗೆ ಅತ್ತೆಯ ಫೋನಿಗೆ ಒಂದು ಮೆಸೇಜ್: "ಅಕ್ಕಾ, ಪಂಚಮಿಗೆ ಬರುತ್ತೀಯಾ?" ಕೆಳಗೆ ಒತ್ತಲು ಎರಡು ಗುಂಡಿ. ಒಂದು "ಹೌದು", ಇನ್ನೊಂದು "ನಂತರ ನೆನಪಿಸು". "ಇಲ್ಲ" ಎನ್ನಲು ದಾರಿಯೇ ಇಲ್ಲ!

ಅತ್ತೆ ನನಗೆ ಫೋನ್ ಮಾಡಿದರು. "ನಿಮ್ಮ ಕಾಕಾಗ ಹೇಳು, ಕರಿಯೋದಿದ್ರ ನನ್ನ ಹೊಸ್ತಿಲದಾಗ ನಿಂತು ಕರೀಲಿ. ಡಬ್ಬಿ ಕಡಿಂದ ಕರಿಸಿದ್ರ ಡಬ್ಬಿಗೇ ಪಂಚಮಿ ಉಂಡಿ ತಿನ್ನಸ್ರಿ. ನಾ ಬರಂಗಿಲ್ಲ. ಈ ವರ್ಷ ಅಲ್ಲ, ಇನ್ನ ಯಾವತ್ತೂ ಬರಂಗಿಲ್ಲ!"

ಅತ್ತೆ ಆಡಿದ ಮಾತಿಗೆ ತಪ್ಪಿದವರಲ್ಲ. ಹೆದರಿದ ಕಾಕು ಮತ್ತು ನಾನು ಸೇರಿ ಕಾಕಾನನ್ನು ಕುರ್ಚಿಯಿಂದ ಎಬ್ಬಿಸಿದೆವು. ನಾನೇ ಜೊತೆಗೆ ಹೊರಟೆ. ಬಸ್ಸು ದಾರಿಯಲ್ಲಿನ ಮಹಾಗಾಂವ ದಾಟುವವರೆಗೂ ಕಾಕಾನದು ಒಂದೇ ಗೊಣಗಾಟ: "ಸಿಸ್ಟಮ್ ಬರಾಬರ್ ಅದ. ನಿಮ್ಮ ಅತ್ತಿಗೇ ಬಳಸಾಕ ಬರಂಗಿಲ್ಲ." ಗೆಲ್ಲುವವರು ಯಾರೆಂದು ಗೊತ್ತಿದ್ದ ನಾನು ಕಿಟಕಿಯಾಚೆಯ ತೊಗರಿ ಹೊಲ ನೋಡುತ್ತ ಕುಳಿತೆ.

ಕಮಲಾಪುರದ ಮನೆಯಲ್ಲಿ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕುಳಿತಿದ್ದರು. ಕಾಕಾ ಹೊಸ್ತಿಲಲ್ಲೇ ನಿಂತು ನಕ್ಕರು. "ಏನಕ್ಕಾ, ಮನಿಯಾಗ ಗಾಗಲ್ ಹಾಕ್ಕೊಂಡು ಕೂತಿ! ಸಿನಿಮಾದಾಗ ಪಾರ್ಟ್ ಸಿಕ್ಕದೇನು?"

ತಟ್ಟೆಯಲ್ಲಿ ತೋಟದ ಕೆಂಪು ಬಾಳೆಹಣ್ಣು ತಂದಿಟ್ಟ ಅತ್ತೆಯ ಸೊಸೆ ಮೆಲ್ಲಗೆ ಹೇಳಿದಳು: "ಕಣ್ಣಿನ ಆಪರೇಶನ್ ಆಗ್ಯಾದ್ರಿ ಮಾವಾರ. ಹ್ವಾದ ವಾರ, ಸೇಡಂ ರೋಡಿನ ದವಾಖಾನ್ಯಾಗ."

ಸೇಡಂ ರಸ್ತೆ! ನಮ್ಮೂರಿನಲ್ಲೇ! ಕಾಕಾನ ನಗು ಅಲ್ಲೇ ಇಂಗಿಹೋಯಿತು.

"ನಮ್ಮೂರ ತನ ಬಂದು... ನನಗ ಒಂದು ಮಾತು ಹೇಳಬಾರದೇನಕ್ಕಾ?"

"ಕೇಳಿದ್ರ ಹೇಳ್ತಿದ್ದೆನಪ್ಪ. ದಿನಾ ಮೆಸೇಜ್ ಬರ್ತಿತ್ತು. 'ಬರ್ತಿಯೇನು' ಅಂತ ಇರ್ತಿತ್ತು. 'ಹ್ಯಾಂಗಿದ್ದಿ' ಅಂತ ಒಂದಿನಾನೂ ಇರಲಿಲ್ಲ."

ಯಾವ ದೇಶದವನಿಗಾದರೂ ಪುಟಗಟ್ಟಲೆ ಉತ್ತರ ಬರೆಯಬಲ್ಲ ಕಾಕಾ ಹೊಸ್ತಿಲು ದಾಟಿ ಮಂಚದ ಬಳಿ ಬಂದು ನಿಂತರು. ಸೊಸೆ ಕಣ್ಣಿನ ಔಷಧ ತಂದಾಗ, ತಾವೇ ಹಾಕುತ್ತೇನೆಂದು ಶೀಶೆ ಇಸಿದುಕೊಂಡರು. ಮೊದಲ ಹನಿ ಕಣ್ಣಿಗೆ ಬೀಳದೆ ಅತ್ತೆಯ ಗಲ್ಲದ ಮೇಲೆ ಬಿತ್ತು. ಎರಡನೆಯದು ಮೂಗಿನ ಮೇಲೆ. ನಗಬೇಕೆಂದು ಬಾಯಿ ತೆರೆದ ನಾನು ಅತ್ತೆಯ ಗಲ್ಲ ಒರೆಸಿದೆ. ಈ ಮನುಷ್ಯನನ್ನು ನಾನು ಇಷ್ಟು ಪ್ರೀತಿಸುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಅತ್ತೆ ಕಾಕಾನ ಮಣಿಕಟ್ಟು ಹಿಡಿದುಕೊಂಡರು.

"ಕೈ ಎಷ್ಟು ಸಣ್ಣ ಆಗೇದಲ್ಲೋ ನಿಂದು! ಹೊತ್ತಿಗೆ ಸರಿ ಉಣ್ತಿಯಿಲ್ಲೋ? ನೀ ಹ್ಯಾಂಗಿದ್ದಿ?"

ಕಾಕಾ ಶೀಶೆ ಕೆಳಗಿಟ್ಟರು. ಮಂಚದ ಬದಿಗೆ ನೆಲದ ಮೇಲೆ ಕುಳಿತು, ಅಕ್ಕನ ಮೊಣಕಾಲಿಗೆ ಹಣೆ ಹಚ್ಚಿದರು.