ಬಡಗಿಯ ಸೇತುವೆ ಪರೀಕ್ಷೆಗೆ ಕೂತದ್ದು

ಮಗಳನ್ನು ಸರ್ಕಾರಿ ಶಾಲೆ ಬಿಡಿಸಿ ಖಾಸಗಿ ಶಾಲೆಗೆ ಸೇರಿಸಲೇಬೇಕು ಅನ್ನುವ ಹುಚ್ಚು ಬಡಗಿಗೆ ಹತ್ತಿದ್ದು ಒಂದು ಸೇತುವೆಯಿಂದ. ಖಾಸಗಿ ಶಾಲೆಯಲ್ಲಿ ಓದುವ ಡಾಕ್ಟರ ಮಗಳಿಗೆ ವಿಜ್ಞಾನ ಪ್ರದರ್ಶನಕ್ಕೆ ಒಂದು ಮಾದರಿ ಬೇಕಿತ್ತು. ಹಗ್ಗ ಎಳೆದರೆ ಎರಡಾಗಿ ಮೇಲೇಳುವ ಮರದ ಸೇತುವೆ. ಡಾಕ್ಟರು ಆ ಕೆಲಸವನ್ನು ತಂದು ಬಡಗಿಗೆ ಒಪ್ಪಿಸಿದರು (ಮಗಳಿಗೆ ಹೋಂವರ್ಕ್ ಜಾಸ್ತಿಯಂತೆ). ಆ ಮಹಾಸೇತು ನಿರ್ಮಾಣದಲ್ಲಿ ಅವನಿಗೆ ಊಟ ತಿಂಡಿಯೂ ಮರೆತುಹೋಯಿತು.

"ನೋಡೇ, ವಿದ್ಯೆ ಅಂದ್ರೆ ಇದು," ಅಂತ ಹೆಂಡತಿಯ ಮುಂದೆ ಸೇತುವೆ ಎತ್ತಿ ಇಳಿಸಿದ. "ಆ ಶಾಲೆ ಮಕ್ಕಳು ಎಂಥೆಂಥದ್ದು ಮಾಡ್ತಾರೆ."

"ಮಾಡಿದ್ದು ನೀವಲ್ವೇನ್ರೀ?"

"ನಾನೇ. ಆದ್ರೆ ಮಾಡಿಸ್ಬೇಕು ಅಂತ ತೋಚಿದ್ದು ಆ ಶಾಲೆಗೆ ತಾನೇ?"

ಹೆಂಡತಿ ಹಣೆ ಚಚ್ಚಿಕೊಂಡಳು. ಅವಳಿಗೆ ಸರ್ಕಾರಿ ಶಾಲೆಯ ಟೀಚರಮ್ಮ ಅಂದರೆ ಪ್ರಾಣ. ಮಾತಿಗೆ ಮಾತು ಬೆಳೆದು ಪಂದ್ಯವೇ ಆಯಿತು: ಎರಡೂ ಶಾಲೆಗಳು ಸೇರುವ ಪ್ರದರ್ಶನದಲ್ಲಿ ಯಾವ ಶಾಲೆ ಗೆಲ್ಲುತ್ತದೋ, ಮಗಳು ಅಲ್ಲಿ ಓದಬೇಕು.

ಬಡಗಿಯ ಮಗಳಿಗೂ ಪ್ರದರ್ಶನಕ್ಕೆ ಸೇತುವೆಯನ್ನೇ ಮಾಡಬೇಕಿತ್ತು. "ಅಪ್ಪಾ, ಸ್ವಲ್ಪ ಹೇಳ್ಕೊಡ್ತೀಯಾ?" ಅಂತ ಬಂದಳು.

"ಪುರುಸೊತ್ತಿಲ್ಲ ಪುಟ್ಟಿ, ನಿನ್ನ ಭವಿಷ್ಯಾನೇ ಕೆತ್ತುತಾ ಇದೀನಿ," ಅಂದುಬಿಟ್ಟ, ಡಾಕ್ಟರ ಮಗಳ ಸೇತುವೆಗೆ ಇನ್ನಷ್ಟು ಕುಸುರಿ ಕೆತ್ತುತ್ತಾ. ಅವಳು ಅವನು ಎಸೆದ ಚೂರುಪಾರು ಮರ ಆರಿಸಿಕೊಂಡು ಹೋದಳು.

ಪ್ರದರ್ಶನದಲ್ಲಿ ಡಾಕ್ಟರ ಮಗಳ ಸೇತುವೆ ಥಳಥಳ ಹೊಳೆಯುತ್ತಿತ್ತು. ತನ್ನ ಮಗಳದ್ದು ಸೊಟ್ಟಗೆ ನಿಂತಿದ್ದನ್ನು ಕಂಡು ಬಡಗಿ ಹಿರಿಹಿರಿ ಹಿಗ್ಗಿದ (ಹೆತ್ತ ತಂದೆ, ಪಾಪ). ತೀರ್ಪುಗಾರ್ತಿ ಬಂದವರೇ ಎರಡೂ ಸೇತುವೆಯ ಹಗ್ಗ ಬಿಚ್ಚಿ, "ಈಗ ಮತ್ತೆ ಕಟ್ಟಿ, ನೋಡೋಣ," ಅಂದರು.

ಬಡಗಿಯ ಮಗಳು ಗುನುಗುತ್ತಾ ಕಟ್ಟಿದಳು. ಗಂಟು ಸಿಕ್ಕಿಕೊಂಡಾಗ ತಲೆಯ ಪಿನ್ನು ತೆಗೆದು ಬಿಡಿಸಿದಳು. ಸೊಟ್ಟ ಸೇತುವೆ ಕಿರ್ರನೆ ಎದ್ದು ನಿಂತಿತು. ಡಾಕ್ಟರ ಮಗಳು ಮಾತ್ರ ಹಗ್ಗ ಹಿಡಿದು ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಜನರ ನಡುವೆ ಬಡಗಿ ಕಂಡದ್ದೇ ಅವಳಿಗೆ ಹೋದ ಜೀವ ಬಂದಂತಾಯಿತು.

"ಅಂಕಲ್, ಬೇಗ ಬನ್ನಿ, ನಿಮ್ಮ ಸೇತುವೆ ಬಿಚ್ಚಿಹೋಯ್ತು."

ನೆರೆದವರೆಲ್ಲ ಬಡಗಿಯತ್ತ ತಿರುಗಿದರು. ಮೊದಲ ಬಹುಮಾನ ಸರ್ಕಾರಿ ಶಾಲೆಗೆ ಹೋಯಿತು.

ಮನೆಗೆ ಹೋಗುವಾಗ ಬಡಗಿ ಮಗಳಿಗೆ ಬಂದ ಬಹುಮಾನದ ಕಪ್ಪನ್ನು ತಾನೇ ಎತ್ತಿ ಹಿಡಿದು, "ಎಷ್ಟೆಂದ್ರೂ ನನ್ನ ಮಗಳು," ಅಂತ ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸಿದ.

"ಸಾಕು ಸುಮ್ನಿರಿ," ಅಂದಳು ಹೆಂಡತಿ. "ಅವಳು ಇರೋ ಶಾಲೇಲೇ ಇರ್ತಾಳೆ. ಖಾಸಗಿ ಶಾಲೆ ಮೇಲೆ ಅಷ್ಟು ಆಸೆ ಇದ್ರೆ ನೀವೇ ಹೋಗಿ ಸೇರ್ಕೊಳ್ಳಿ. ಹೇಗೂ ಅಲ್ಲಿನ ಹೋಂವರ್ಕ್ ಮಾಡಿ ಅಭ್ಯಾಸ ಆಗಿದೆ."

"ಹೇಗಮ್ಮಾ ಸೇರಿಸ್ಕೊಳ್ತಾರೆ?" ಅಂದಳು ಮಗಳು. "ಅಪ್ಪ ಅಲ್ಲಿ ಆಗ್ಲೇ ಫೇಲಾಗಿದ್ದಾನಲ್ಲ."