ಒಂದು ಗೇಣು ಸರಿದ ಕಂಬ

ಭಾಗ್ಯಾ, ಈರಣ್ಣಾ, ವಯಸ್ಸಾದಂತೆ ಹೊಟ್ಟೆಕಿಚ್ಚು ಆರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಲ್ಲು ಹೋಗುತ್ತವೆ, ಮೊಣಕಾಲು ಹೋಗುತ್ತವೆ, ಸೂಜಿಗೆ ದಾರ ಪೋಣಿಸುವ ಕಣ್ಣು ಹೋಗುತ್ತದೆ. ಇದೊಂದು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ನಾನು ನಾಲ್ಕು ಜನರೆದುರು ಬಾಯಿ ಬಿಡದವಳು. ಗಿರಾಕಿ ಬಂದರೆ ಬಾಗಿಲ ಹಿಂದೆ ನಿಂತು, ಸೆರಗಿನೊಳಗೇ ಮಾತು ಮುಗಿಸುವವಳು. ಅಂಥವಳ ಹೊಟ್ಟೆಯಲ್ಲಿ ಕಿಚ್ಚೆಲ್ಲಿಂದ ಬರಬೇಕು ಎಂದು ಜನ ತಿಳಿಯುತ್ತಾರೆ. ಬಾಯಿಂದ ಹೊರಗೆ ಹೋಗದ್ದು ಮತ್ತೆಲ್ಲಿಗೆ ಹೋಗಬೇಕು? ಇನ್ನು ಮುಚ್ಚಿಟ್ಟು ಫಲವಿಲ್ಲ. ನನ್ನ ಹೊಟ್ಟೆಕಿಚ್ಚು ನಿಮ್ಮ ಅವ್ವನ ಮೇಲೆ. ಸರಿಯಾಗಿ ಪಾಲು ಮಾಡಿ ಹೇಳಬೇಕೆಂದರೆ ಅರ್ಧ ನಿಮ್ಮ ಅವ್ವನ ಮೇಲೆ, ಅರ್ಧ ಅವಳ ಲ್ಯಾಪ್‌ಟಾಪಿನ ಮೇಲೆ.

ನಿಮ್ಮ ಮುತ್ಯಾನ, ಅಂದರೆ ನನ್ನ ಗಂಡನ, ನೆನಪು ನಿಮಗಿಲ್ಲ. ಭಾಗ್ಯಾ ತೊಟ್ಟಿಲಲ್ಲಿದ್ದಾಗಲೇ ಅವರು ಹೋದರು. ಬಡಿಗತನದಲ್ಲಿ ಜೇವರ್ಗಿಯಿಂದ ಆಳಂದದವರೆಗೆ ಅವರದು ಹೆಸರಾದ ಕೈ. ಯಾರದಾದರೂ ಪಡಸಾಲೆಯ ಕಟ್ಟಿಗೆ ಕೆಲಸ ಹಿಡಿದರೆ ಮೊದಲು ನಮ್ಮ ಅಂಗಳದಲ್ಲಿ ಅದನ್ನು ನಿಜವಾದ ಅಳತೆಯಲ್ಲೇ ಬರೆಯುತ್ತಿದ್ದರು. ಕೆಮ್ಮಣ್ಣಿನ ನೀರಲ್ಲಿ ಅದ್ದಿದ ದಾರದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಎಳೆದು ಬಿಟ್ಟರೆ ಟಪ್ಪೆಂದು ನೆಲದ ಮೇಲೆ ಒಂದು ತೊಲೆ ಮೂಡುತ್ತಿತ್ತು. ಅವರು ಶಾಲೆಯ ಮುಖ ನೋಡಿದವರಲ್ಲ. ನಾನು ಅತನೂರಿನ ಶಾಲೆಯಲ್ಲಿ ಏಳನೆಯ ಇಯತ್ತೆ ಪಾಸಾದವಳು. ಹಾಗಾಗಿ ಅಳತೆ ನೆನಪಿಡುವುದು ನನ್ನ ಪಾಲಿಗೆ ಬಂತು. ಕೈಯಲ್ಲಿನ ಉಳಿ ಕೆಳಗಿಡದೆ ಕೂಗುತ್ತಿದ್ದರು, “ಏನಬೇ, ಎಷ್ಟದ?” ರೊಟ್ಟಿ ಬಡಿಯುತ್ತಲೇ ನಾನು, “ಹನ್ನೊಂದು ಫೂಟು ಮೂರು ಇಂಚು” ಅನ್ನುತ್ತಿದ್ದೆ. ಒಮ್ಮೆ ಮುನಿಸಿಕೊಂಡು ಹೇಳಲಿಲ್ಲ. ಮಧ್ಯಾಹ್ನದವರೆಗೆ ತೊಲೆಯ ಮೇಲೆ ಕೂತು ಬೀಡಿ ಸೇದಿದರು, ಕೊನೆಗೆ ಎದ್ದು ಹೋಗಿ ಪೇಟೆಯಿಂದ ಜಿಲೇಬಿ ಕಟ್ಟಿಸಿಕೊಂಡು ಬಂದರು. ನಾಲ್ಕು ತಿಂದ ಮೇಲೆ ಅಳತೆ ಹೇಳಿದೆ. ಅಷ್ಟು ವರ್ಷಗಳ ಸಂಸಾರದಲ್ಲಿ ಅವರು ನನ್ನನ್ನು ಬಾಯಿತುಂಬ ಹೊಗಳಿದ್ದಿಲ್ಲ. ಆ ‘ಎಷ್ಟದ’ ಎಂಬ ಕೂಗಿನಲ್ಲೇ ನನಗೆ ಬೇಕಾದದ್ದೆಲ್ಲ ಇತ್ತು.

ನಿಮ್ಮ ಅವ್ವ ಲೀಲಾ ಯಡ್ರಾಮಿಯಿಂದ ಈ ಮನೆಗೆ ಬಂದಾಗ ಡಿಪ್ಲೊಮಾ ಮುಗಿಸಿದ್ದಳು. ನೀವಿಬ್ಬರೂ ಹುಟ್ಟಿದ ಮೇಲೆ ಕಟ್ಟಿಗೆ ಮನೆಗಳ ನಕ್ಷೆ ತೆಗೆಯುವ ಅದೇನೋ ಒಂದು ಪ್ರೋಗ್ರಾಮ್ ಕಲಿತಳು. ಅದರಲ್ಲಿ ಬೆರಳಾಡಿಸಿದರೆ ಕಂಬ ಏಳುತ್ತದೆ. ಮನೆಯನ್ನು ಬುಗುರಿಯಂತೆ ತಿರುಗಿಸಬಹುದು. ಕಟ್ಟಿಗೆಯನ್ನು ಗಾಜಿನಂತೆ ಮಾಡಿ, ಕಂಬದ ತಲೆಯ ಗೂಟ ತೊಲೆಯ ತೂತಿನಲ್ಲಿ ಹೇಗೆ ಕೂತಿದೆ ಎಂದು ಒಳಗಿನಿಂದಲೇ ನೋಡಬಹುದು. ಕಂಬ ಸರಿಸಿದರೆ ತೊಲೆ ತಾನೇ ಉದ್ದವಾಗುತ್ತದೆ, ತಾನೇ ಗಿಡ್ಡವಾಗುತ್ತದೆ. ಕೊನೆಗೆ ಯಾವ ಕಟ್ಟಿಗೆಯನ್ನು ಎಷ್ಟು ಉದ್ದಕ್ಕೆ ಕೊಯ್ಯಬೇಕು ಎಂಬ ಪಟ್ಟಿಯನ್ನೂ ಅದೇ ಬರೆದುಕೊಡುತ್ತದೆ. ನಿಮ್ಮ ಅಪ್ಪ ಗರಗಸ ಹಿಡಿದು ಮೊದಲ ಸಲ “ಲೀಲಾ, ಎಷ್ಟದ?” ಎಂದು ಕೂಗಿದಾಗ ನಾನು ಅಡುಗೆಮನೆಯಿಂದ “ಆಂ?” ಅಂದುಬಿಟ್ಟೆ.

“ನಿನಗಲ್ಲವ್ವಾ” ಅಂದ.

ಅಂದಿನಿಂದ ಆ ಯಂತ್ರದಲ್ಲಿ ತಪ್ಪು ಹುಡುಕುವುದೇ ನನ್ನ ಕಸುಬಾಯಿತು. ಒಂದು ದಿನ ಸಿಕ್ಕೇಬಿಟ್ಟಿತು ಅಂದುಕೊಂಡೆ. “ಇದರಾಗ ಕಟ್ಟಿಗಿ ಬುಡ ಯಾವುದು, ತುದಿ ಯಾವುದವಾ? ಗಿಡ ಹೆಂಗ ಬೆಳದಿತ್ತೋ ಕಂಬಾನೂ ಹಂಗ ನಿಲ್ಲಬೇಕು. ಬುಡ ಮ್ಯಾಲಾದ್ರ ಮನಿಗೆ ಚಲೋ ಅಲ್ಲ” ಅಂದೆ. “ಖರೇರಿ ಅತ್ತಿ, ಇದು ನನಗ ಹೊಳೆದೇ ಇರಲಿಲ್ಲ ನೋಡ್ರಿ” ಎಂದವಳೇ ಪ್ರತಿ ಕಂಬದ ಬುಡಕ್ಕೂ ಕೆಂಪು ಚುಕ್ಕೆ ಇಟ್ಟಳು. ಜಗಳಕ್ಕೆಂದು ಹೋದವಳನ್ನು ಉಡಿ ತುಂಬಿ ಕಳಿಸಿದಂತಾಯಿತು.

ಇಂಥದರಲ್ಲಿ ಖಾಜಾಸಾಬರು ಬಂದರು. ಅಫಜಲಪುರದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಅತನೂರಿನಲ್ಲಿದ್ದ ತಮ್ಮ ಅಜ್ಜನ ಮನೆ ಬಿಚ್ಚಿಸಿ, ಅದರ ಸಾಗವಾನಿ ಕಂಬ ತೊಲೆಗಳನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದಿದ್ದರು. ಅಫಜಲಪುರದ ಹೊಸ ಮನೆಗೆ ಅದೇ ಕಟ್ಟಿಗೆಯ ಪಡಸಾಲೆ ಆಗಬೇಕು. ನಡುವಿನ ತೊಲೆಯ ಎರಡೂ ತುದಿಗೆ ಗೆದ್ದಲು ಹತ್ತಿತ್ತು. ಅಷ್ಟನ್ನು ಕೊಯ್ದು ತೆಗೆದರೆ ಗಟ್ಟಿಯಾಗಿ ಉಳಿಯುವುದು ಹತ್ತೂವರೆ ಫೂಟು. ಆ ಲೆಕ್ಕಕ್ಕೇ ಲೀಲಾ ನಕ್ಷೆ ತೆಗೆದಳು, ಆ ಲೆಕ್ಕಕ್ಕೇ ಅಲ್ಲಿ ಕಂಬದ ಕೆಳಗಿನ ಕಲ್ಲುಗಳೂ ಕೂತವು. ಖಾಜಾಸಾಬರು ತೊಲೆಯ ಮೇಲೆ ಕೈಯಾಡಿಸಿ, “ನೋಡವಾ ತಂಗಿ, ನಮ್ಮ ದಾದಾನ ತೊಲಿ ಇದು. ನಮ್ಮ ಮಂದಿಯೆಲ್ಲ ಇದರ ಕೆಳಗ ತೊಟ್ಟಿಲಾಗ ಮಲಗಿದವರು. ಕೆಟ್ಟುಹೋದ್ರ ಇಂಥಾದು ಎಲ್ಲಿಂದ ತರ್ಲಿ?” ಅಂದರು. “ಕೆಡಂಗಿಲ್ರಿ ಕಾಕಾ, ನಾ ಅದೀನಲ್ರಿ” ಅಂದಳು ನಿಮ್ಮ ಅವ್ವ. ಬಾಗಿಲ ಹಿಂದೆ ನಿಂತಿದ್ದ ನನಗೆ ಆ ‘ನಾ ಅದೀನಲ್ರಿ’ ಎಂಬುದು ಮೆಣಸಿನಕಾಯಿ ಕಚ್ಚಿದಂತಾಯಿತು.

ಇನ್ನು ತಪ್ಪೊಪ್ಪಿಗೆ. ಒಂದು ಮಧ್ಯಾಹ್ನ ನಿಮ್ಮ ಅವ್ವ ಭಾಗ್ಯಾಳ ಶಾಲೆಗೆ ಪಾಲಕರ ಸಭೆಗೆಂದು ಹೋಗಿದ್ದಳು. ಲ್ಯಾಪ್‌ಟಾಪ್ ತೆರೆದೇ ಇತ್ತು. ಧೂಳು ಒರೆಸಲು ಹೋದೆ ಎಂದು ಬರೆಯಬೇಕೆಂದಿದ್ದೆ, ಆದರೆ ಅಲ್ಲಿ ಧೂಳಿರಲಿಲ್ಲ. ಅವಳು ಮಾಡುವುದನ್ನು ಬೆನ್ನ ಹಿಂದೆ ನಿಂತು ಎಷ್ಟೋ ಸಲ ನೋಡಿದ್ದೆ. ಮೌಸ್ ಹಿಡಿದು ನಡುವಿನ ತೊಲೆ ಹೊತ್ತ ಕಂಬವನ್ನು ಒತ್ತಿದೆ. ಅದು ನೀಲಿಯಾಯಿತು. ಎಳೆದೆ. ಸರಿಯಿತು! ಮೈಯೆಲ್ಲ ಜುಂ ಅಂದಿತು. ತೊಲೆ ತಾನಾಗಿ ಒಂದು ಗೇಣಿನಷ್ಟು ಕುಗ್ಗಿತು. ತಿರುಗಿ ಮೊದಲಿನ ಜಾಗಕ್ಕೆ ತರಬಹುದಿತ್ತು. ತರಲು ಬರುತ್ತಿರಲಿಲ್ಲ ಎಂದೂ ಹೇಳಬಹುದು. ಆದರೆ ಮಕ್ಕಳೇ, ನಾನು ಪ್ರಯತ್ನವನ್ನೇ ಮಾಡಲಿಲ್ಲ. ಒಂದೇ ಒಂದು ಸಲ ಅವಳ ಅಳತೆ ತಪ್ಪಲಿ, ಒಂದೇ ಒಂದು ಸಲ ಮಗ ನನ್ನತ್ತ ತಿರುಗಿ ಕೇಳಲಿ ಎಂದುಕೊಂಡು ಎದ್ದು ಹೋಗಿ ಜೋಳ ಹಸನು ಮಾಡುತ್ತ ಕೂತೆ.

ನಾಲ್ಕು ದಿನದ ಮೇಲೆ ಕಟ್ಟಿಗೆ ಕೊಯ್ಯುವ ದಿನ ಬಂತು. ಖಾಜಾಸಾಬರೂ ಬಂದು ಕುರ್ಚಿಯಲ್ಲಿ ಕೂತಿದ್ದರು. ಪಟ್ಟಿ ಲೀಲಾಳ ಕೈಯಲ್ಲಿ. ನಾಲ್ಕು ಕಂಬ, ಅವುಗಳ ತಲೆಯ ಮೇಲೆ ಕೂರುವ ಬೋದಿಗೆ, ಮಾಳಿಗೆಯ ಸಾಲು ಜಂತಿ ಎಲ್ಲ ಸರಿಯಾಗಿ ಮುಗಿದವು. ಆಮೇಲೆ ನಡುವಿನ ತೊಲೆ. “ಲೀಲಾ, ಎಷ್ಟದ?” “ಒಂಬತ್ತು ಮುಕ್ಕಾಲು ಫೂಟು.” ಅವಳು ಯಂತ್ರವನ್ನು ನಂಬಿದ್ದಳು, ಅವನು ಅವಳನ್ನು ನಂಬಿದ್ದ. ಗುರುತು ಹಾಕಿ, ಗರಗಸ ಚಾಲೂ ಮಾಡಿದ. ಖಾಜಾಸಾಬರು ಮಗುವಿನ ತಲೆ ಸವರುವಂತೆ ತೊಲೆಯನ್ನೊಮ್ಮೆ ಸವರಿ ಹಿಂದೆ ಸರಿದರು. ನಾನು ಬಾಗಿಲ ಹಿಂದಿನಿಂದ ಯಾವಾಗ ಹೊರಗೆ ಬಂದೆನೋ ಗೊತ್ತಿಲ್ಲ. ತಲೆಯ ಮೇಲೆ ಸೆರಗೂ ಇರಲಿಲ್ಲ.

“ಏ ಬಂದ್ ಮಾಡೋ! ಹತ್ತೂವರೆ ಅದ! ಹತ್ತೂವರೆ!”

ಗರಗಸ ನಿಂತಿತು. ಲೀಲಾ ಓಡಿಹೋಗಿ ಮೊದಲ ದಿನ ಅಳತೆ ಬರೆದಿಟ್ಟ ಚೀಟಿ ತೆಗೆದು ನೋಡಿ ಬಿಳಿಚಿಕೊಂಡಳು. ಖಾಜಾಸಾಬರು ಎದ್ದು ನಿಂತು, “ವಾಹ್ ಅವ್ವಾರ! ಕಂಪ್ಯೂಟರ್ ತಪ್ಪಿತು, ನೀವು ತಪ್ಪಲಿಲ್ಲ ನೋಡ್ರಿ!” ಎಂದು ಕೈಮುಗಿದರು. ನಿಮ್ಮ ಅಪ್ಪ, “ನಮ್ಮವ್ವನ ತಲಿ ಅಂದ್ರ ಏನಂದುಕೊಂಡೀರಿ?” ಎಂದು ಮೀಸೆ ತಿರುವಿದ. ಲೀಲಾ ಕಣ್ಣಲ್ಲಿ ನೀರು ತಂದು, “ನಾ ಪಟ್ಟಿ ಇನ್ನೊಮ್ಮೆ ನೋಡಬೇಕಿತ್ರಿ ಅತ್ತಿ, ನಂದೇ ತಪ್ಪು” ಎಂದು ಕಾಲಿಗೆರಗಿದಳು. ನಿಜ ಹೇಳಿಬಿಡಲು ಅದೇ ಸರಿಯಾದ ಗಳಿಗೆಯಾಗಿತ್ತು. ನಾನು ಏನು ಹೇಳಿದೆ ಗೊತ್ತೇ? “ಇರಲಿ ಬಿಡವಾ, ಹಂಗ ಆಗ್ತಿರ್ತದ” ಅಂದೆ.

ಖಾಜಾಸಾಬರ ಅಂಗಡಿಯಲ್ಲಿ ಈ ಕಥೆ ಬಟ್ಟೆಯ ಜೊತೆ ಅಳತೆ ಮಾಡಿಸಿಕೊಂಡು ಊರೂರಿಗೆ ಹೋಯಿತು. ಈಗ ಆಳಂದದಿಂದ ಬಂದವರೂ, “ನಕ್ಷಾದ ಮ್ಯಾಲ ಆಯಿ ಕಣ್ಣಾಡಸ್ಯಾರೇನ್ರಿ?” ಎಂದು ಕೇಳುತ್ತಾರೆ. ಆಯಿ ಎಂದರೆ ನಾನೇ. ಲೀಲಾ ತನ್ನ ಪಕ್ಕ ನನಗೊಂದು ಕುರ್ಚಿ ಹಾಕಿದ್ದಾಳೆ. ಮೋಸದಿಂದ ಬಂದ ಕುರ್ಚಿ ಚುಚ್ಚುತ್ತದೆ ಎನ್ನುತ್ತಾರೆ. ಸುಳ್ಳು, ಅದು ಬಹಳ ಮೆತ್ತಗಿತ್ತು. ಚುಚ್ಚಿದ್ದು ಹೋದ ತಿಂಗಳು. ನಕ್ಷೆ ನೋಡುತ್ತ ಕೂತಾಗ ಅವಳು ಮೆಲ್ಲಗೆ ಅಂದಳು, “ಅತ್ತಿ, ಇದರಾಗ ಇನ್ನೊಂದು ಅನುಕೂಲ ಅದ ನೋಡ್ರಿ. ಯಾವ ಕಂಬ ಯಾವ ದಿನ, ಎಷ್ಟು ಗಂಟೆಗೆ ಸರೀತು ಅಂತ ಎಲ್ಲಾ ಬರದಿಟ್ಟಿರ್ತದ.”

ನಾನು ನಕ್ಷೆಯಿಂದ ಕಣ್ಣು ತೆಗೆಯದೆ ಕೇಳಿದೆ, “ಹಳೇ ಕೆಲಸದ್ದೂ ಇರ್ತದೇನವಾ?”

“ಇರ್ತದ್ರಿ. ನಾ ತೊಲಿ ಕೊಯ್ದ ದಿನಾನೇ ನೋಡೀನಿ. ಆ ಕಂಬ ಸರಿದಾಗ ನಾ ಭಾಗ್ಯಾನ ಸಾಲಿಯೊಳಗಿದ್ದೆ, ನಿಮ್ಮ ಮಗ ಶಹಾಬಾದಕ್ಕ ಕಲ್ಲು ನೋಡಾಕ ಹೋಗಿದ್ರು.” ಅಷ್ಟಂದು ಎದ್ದಳು. “ಚಹಾಕ್ಕ ಸಕ್ಕರಿ ಜರಾ ಹೆಚ್ಚಿಗಿ ಹಾಕ್ಲೇನ್ರಿ?”

ಅಂದರೆ ಇಷ್ಟು ತಿಂಗಳು ನಾನು ಹೊಗಳಿಸಿಕೊಳ್ಳುವುದನ್ನು ಅವಳು ನೋಡುತ್ತಲೇ ಇದ್ದಳು. ಗಂಡನಿಗೂ ಹೇಳಿಲ್ಲ, ಖಾಜಾಸಾಬರಿಗೂ ಹೇಳಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಎಷ್ಟು ನಾಚಿಕೆಯವಳಾದರೂ ಬಾವಿಕಟ್ಟೆಯವರೆಗೆ ಸುದ್ದಿ ಮುಟ್ಟಿಸಿ ಬರುತ್ತಿದ್ದೆ. ಅಳತೆಯಲ್ಲಿ ಅವಳು ನನ್ನನ್ನು ಮೀರಿಸಿದ್ದನ್ನು ಹೇಗೋ ನುಂಗಿಕೊಂಡೆ. ಸುಮ್ಮನಿರುವುದು ಮಾತ್ರ ಈ ಮನೆಯಲ್ಲಿ ನನ್ನೊಬ್ಬಳ ವಿದ್ಯೆ ಎಂದುಕೊಂಡಿದ್ದೆ. ಅದರಲ್ಲೂ ಸೋತ ಮೇಲೆ ಹೊಟ್ಟೆ ಉರಿಯದೆ ಇನ್ನೇನು?

ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ಅಪ್ಪನಿಗೆ ಯಾವಾಗ ಬೇಕಾದರೂ ತೋರಿಸಿ, ಬೈದರೆ ಬೈಸಿಕೊಳ್ಳುತ್ತೇನೆ. ಅವ್ವನಿಗೆ ಮಾತ್ರ ನಾನು ಹೋದ ಮೇಲೆಯೇ ಕೊಡಿ. ಈಗ ಕೊಟ್ಟರೆ ಪೂರ್ತಿ ಓದಿ, ಮಡಚಿಟ್ಟು, ಏನೂ ಅನ್ನದೆ ಚಹಾ ತಂದುಕೊಡುತ್ತಾಳೆ. ಅದನ್ನು ಇನ್ನೊಂದು ಸಲ ಕುಡಿಯುವುದು ನನ್ನಿಂದಾಗದು.