ಖುಲಾಸೆ ಬಾಕಿ ಇರುವ ಸೇಬಿನ ಹಾಡುಗಳ ಬಗ್ಗೆ

ಫೆಲ್‌ಹ್ಯಾಮ್ ಕಲಾ ಮತ್ತು ಮಾನವಿಕ ದತ್ತಿ ಪ್ರತಿಷ್ಠಾನದ ಘನತೆವೆತ್ತ ಧರ್ಮದರ್ಶಿಗಳಿಗೆ,

ಮಾನ್ಯರೇ,

ತಾವೆಲ್ಲರೂ ಹೋಬಾರ್ಟಿನಲ್ಲಿ ಕ್ಷೇಮವಾಗಿದ್ದೀರೆಂದೂ, ಭೂಮಿಯ ನಮ್ಮ ದಕ್ಷಿಣ ತುದಿಯ ಈ ಜುಲೈ ಚಳಿಯಲ್ಲಿ ತಮ್ಮ ಕಚೇರಿಯ ಹೀಟರು ಕೈಕೊಟ್ಟಿಲ್ಲವೆಂದೂ ನಂಬಿ, ಹ್ಯೂವನ್ ನದಿಯ ದಂಡೆಯ ಕೂಪರ್ಸ್ ರೀಚ್ ಸ್ಥಳೀಯ ಇತಿಹಾಸ ಸಂಘದ ಹನ್ನೊಂದು ಸದಸ್ಯರ (ಮಳೆ ಬಂದ ದಿನ ಏಳು ಸದಸ್ಯರ) ಪರವಾಗಿ ಕಾರ್ಯದರ್ಶಿ ಡೆಸ್ಮಂಡ್ ಹೇಗಾರ್ತ್ ಎಂಬ ನಾನು ತಲೆಬಾಗಿ ಬರೆದುಕೊಳ್ಳುವ ಪತ್ರವಿದು. ಇದು ಬಹಿರಂಗ ಪತ್ರವಾದ್ದರಿಂದ ಒಂದು ಪ್ರತಿಯನ್ನು ನಮ್ಮೂರ ಬೇಕರಿಯ ಗಾಜಿಗೂ ಅಂಟಿಸಿದ್ದೇನೆ. ತಮಗೆ ಪುರುಸೊತ್ತಿಲ್ಲದಿದ್ದರೆ ಕನಿಷ್ಠ ಪೈ ತಿನ್ನಲು ಬರುವವರಾದರೂ ಓದುತ್ತಾರೆ.

ಹೋದ ಸೋಮವಾರ ತಮ್ಮ ಕಚೇರಿಯಿಂದ ಬಂದ ಇ-ಮೇಲಿನಲ್ಲಿ, ನಮ್ಮ ಖುಲಾಸೆ ಇನ್ನೂ ಬಾಕಿ ಇದೆಯೆಂದೂ, ಮೂವತ್ತು ದಿನಗಳೊಳಗೆ ಖುಲಾಸೆ ಆಗದಿದ್ದಲ್ಲಿ ಮುಂದಿನ ಯಾವ ಅನುದಾನಕ್ಕೂ ನಮ್ಮ ಸಂಘ ಅರ್ಹವಲ್ಲವೆಂದೂ ತಿಳಿಸಲಾಗಿತ್ತು. ಅನುದಾನ ಪಡೆದವರು ಕೆಲಸ ಮುಗಿದ ಮೇಲೆ ಒಪ್ಪಿಸುವ ವರದಿಗೂ, ನಿರಪರಾಧಿ ಎಂದು ಆರೋಪಿಯನ್ನು ಬಿಟ್ಟು ಕಳಿಸುವ ಆದೇಶಕ್ಕೂ ನಮ್ಮ ದೇಶದಲ್ಲಿ ಒಂದೇ ಹೆಸರು ಎಂಬುದು ಕಲಾಲೋಕದ ಮಕ್ಕಳಿಗೂ ಗೊತ್ತಿರುವ ಸಂಗತಿಯಂತೆ. ನನಗೆ ಗೊತ್ತಿರಲಿಲ್ಲ. ನಾನು ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನು, ನನ್ನ ಈ ಎರಡು ಬೆರಳುಗಳಿಂದಲೇ ನೂರಾರು ಖುಲಾಸೆ ಆದೇಶಗಳನ್ನು ಟೈಪು ಮಾಡಿದವನು. ಹಾಗಾಗಿ ಆ ಇ-ಮೇಲು ಓದಿದವನೇ, ನನ್ನ ಮೇಲಿನ ಆರೋಪಪಟ್ಟಿಯ ದೃಢೀಕೃತ ಪ್ರತಿ ಕಳಿಸಿಕೊಡಬೇಕೆಂದು ಪ್ರಾರ್ಥಿಸಿ ಅಂದೇ ಉತ್ತರ ಬರೆದೆ.

ತಮ್ಮ ಅನುದಾನ ಅಧಿಕಾರಿ ಕುಮಾರಿ ಜಸಿಂಟಾ ಅವರು ಬಹಳ ಸೌಜನ್ಯದಿಂದ, ‘ಹಾಯ್ ಡೆಸ್, ಆರೋಪ ಗೀರೋಪ ಏನೂ ಇಲ್ಲ, ಬರೀ ಒಂದು ಫಾರಂ ಅಷ್ಟೇ’ ಎಂದು ಬರೆದು ಕೊನೆಗೆ ಒಂದು ಹಳದಿ ನಗುಮುಖ ಇಟ್ಟಿದ್ದರು. ಕೋರ್ಟಿನ ಅಷ್ಟೂ ವರ್ಷಗಳಲ್ಲಿ ನನಗೆ ಯಾರೂ ನಗುಮುಖ ಕಳಿಸಿರಲಿಲ್ಲ. ಆದರೆ ಆ ಫಾರಂ ತೆರೆದು ಪ್ರಶ್ನೆಗಳನ್ನು ಓದುತ್ತ ಹೋದಂತೆ, ಇಲ್ಲಿ ಆರೋಪಪಟ್ಟಿ ಇರಲೇಬೇಕಿತ್ತು ಎಂಬುದು ನನಗೆ ಮನವರಿಕೆಯಾಗಿ, ತಮಗೆ ಆ ಶ್ರಮ ಬೇಡವೆಂದು ನಾನೇ ಅದನ್ನು ಸಿದ್ಧಪಡಿಸಿದ್ದೇನೆ.

ಸಂಗತಿ ಇಷ್ಟು. ಹೋದ ವರ್ಷ ಫೆಬ್ರವರಿಯ ಸಭೆಯಲ್ಲಿ, ಚಹಾದ ಹೊತ್ತಿಗೆ, ತೊಂಬತ್ತೊಂದು ವರ್ಷದ ಮೆರ್ಲ್ ಟಿಂಡಾಲ್ ಅವರು ಬಿಸ್ಕತ್ತಿನ ಡಬ್ಬಿಯ ಮೇಲೆ ಬೆರಳು ತಟ್ಟುತ್ತ ಒಂದು ಹಾಡು ಹೇಳಿದರು. ಸೇಬಿನ ಪ್ಯಾಕಿಂಗ್ ಶೆಡ್ಡಿನ ಹಾಡು. ಒಂದೊಂದು ಸೇಬನ್ನೂ ತೆಳು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದ ಕಾಲದಲ್ಲಿ ಹೆಂಗಸರು ಕೈ ತಪ್ಪದಿರಲೆಂದು ಹಾಡಿಕೊಳ್ಳುತ್ತಿದ್ದದ್ದು, ಒಂದು ಸಾಲಿಗೆ ಸರಿಯಾಗಿ ಒಂದು ಸೇಬು. ದಪ್ಪ ಸೇಬಿಗೆ ನಿಧಾನದ ಹಾಡು, ಸಣ್ಣದಕ್ಕೆ ಚುರುಕಿನದು, ಹಡಗುಕಟ್ಟೆಯಲ್ಲಿ ಹಡಗು ಬಂದು ಕಾಯುತ್ತಿದ್ದರೆ ಉಸಿರು ಬಿಡದ ಹಾಡು. ‘ಹಸಿರು ಹೊಂಟ್ತು ಲಂಡನ್ನಿಗೆ, ಕೆಂಪು ಹೊಂಟ್ತು ಲಿವರ್‌ಪೂಲಿಗೆ, ಮೇಸ್ತ್ರಿ ಹೊಂಟ ಹೊಳೆಗೆ’ ಎಂದು ಅವರು ಮುಗಿಸಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಂಥವು ಇಪ್ಪತ್ತಮೂರು ಗೊತ್ತು, ಜೊತೆಗೆ ಹಾಡುತ್ತಿದ್ದವರಲ್ಲಿ ಈಗ ಯಾರೂ ಇಲ್ಲ, ನನ್ನ ಜೊತೆಗೇ ಮುಗಿಯಿತು ಎಂದು ಮೆರ್ಲ್ ಚಹಾ ಹೀರುತ್ತ ಸುಮ್ಮನೆ ಹೇಳಿದರು.

ನಮ್ಮ ಉಪಾಧ್ಯಕ್ಷೆ ಬೆವರ್ಲಿ ಅವರು ತಕ್ಷಣ, ‘ಡೆಸ್, ನಿನ್ನ ಜೇಬಲ್ಲಿ ಫೋನ್ ಇದೆಯಲ್ಲ, ತೆಗೆದು ರೆಕಾರ್ಡಿಂಗ್ ಒತ್ತು’ ಅಂದರು. ನಾನು ಒತ್ತಲಿಲ್ಲ. ಇಂಥ ಅಮೂಲ್ಯ ಪರಂಪರೆಯನ್ನು ಫೋನಿನಲ್ಲಿ ಹಿಡಿಯುವುದು ಅದಕ್ಕೆ ಮಾಡುವ ಅವಮಾನವೆಂದೂ, ತಮ್ಮಂಥ ಪ್ರತಿಷ್ಠಾನದ ನೆರವಿನಿಂದ ಒಳ್ಳೆಯ ಯಂತ್ರ, ಒಳ್ಳೆಯ ತಂತ್ರಜ್ಞರನ್ನು ಇಟ್ಟುಕೊಂಡು ಕ್ರಮಬದ್ಧವಾಗಿ ದಾಖಲಿಸಬೇಕೆಂದೂ ನಾನು ಒಂದು ಪುಟ್ಟ ಭಾಷಣ ಮಾಡಿದೆ. ಬೆವರ್ಲಿ ಮೂಗು ಮುರಿದರು. ಅದನ್ನು ನಡಾವಳಿಯಲ್ಲಿ ಬರೆಯದೆ ಬಿಟ್ಟದ್ದು ನನ್ನ ಮೊದಲ ಅಪರಾಧ.

ಅಲ್ಲಿಂದ ಮುಂದೆ ಪ್ರತಿ ಮಂಗಳವಾರ ನಾನು ಲ್ಯಾಪ್‌ಟಾಪು ಹೊತ್ತು ಮೆರ್ಲ್ ಅವರ ಅಡುಗೆಮನೆಗೆ ಹೋಗಿ ತಮ್ಮ ಅರ್ಜಿ ತುಂಬುತ್ತಿದ್ದೆ. ಎಂಥ ಅರ್ಜಿ ಮಾನ್ಯರೇ! ‘ಈ ಯೋಜನೆಯಿಂದ ಸಮುದಾಯದಲ್ಲಿ ಆಗುವ ಅಳೆಯಬಹುದಾದ ಬದಲಾವಣೆ ಏನು’ ಎಂಬ ಪ್ರಶ್ನೆಗೆ ನಾನು ಮೂರು ಮಂಗಳವಾರ ತಲೆ ಕೆರೆದುಕೊಂಡೆ. ಯೋಜನೆಗೆ ‘ಮೆರ್ಲ್ ಅವರ ಹಾಡುಗಳು’ ಎಂದು ಹೆಸರಿಟ್ಟಿದ್ದವನು, ಅದರಲ್ಲಿ ಹೊಸತನ ಕಾಣುತ್ತಿಲ್ಲವೆಂದು ‘ದುಡಿವ ಹೆಣ್ಣುದನಿ: ನದಿತೀರದ ಶ್ರಮಶಬ್ದಗಳ ಪುನರ್ಕಲ್ಪನೆ’ ಎಂದು ಬದಲಿಸಿದೆ. ಓದಿ ಹೇಳಿದಾಗ ಮೆರ್ಲ್, ಯಾರಿಗಾದರೂ ಹುಷಾರಿಲ್ಲವಾ ಎಂದು ಕೇಳಿದರು. ನಾನು ಬರೆಯುತ್ತಿದ್ದಷ್ಟು ಹೊತ್ತೂ ಅವರು ಎದುರಿಗೆ ಕೂತು ಆಲೂಗಡ್ಡೆ ಸುಲಿಯುತ್ತ ಹಾಡಿಕೊಳ್ಳುತ್ತಲೇ ಇದ್ದರು. ಒಮ್ಮೊಮ್ಮೆ, ಪದಗಳ ಲೆಕ್ಕ ತಪ್ಪುತ್ತದೆ, ಸ್ವಲ್ಪ ಮೆಲ್ಲಗೆ ಎಂದು ನಾನೇ ಕೈಸನ್ನೆ ಮಾಡುತ್ತಿದ್ದೆ.

ಅಪಾಯಗಳ ಪಟ್ಟಿ ಎಂಬ ಪುಟದಲ್ಲಿ ‘ಮುಖ್ಯ ಕಲಾವಿದರು ಲಭ್ಯವಿಲ್ಲದಿರುವ ಸಂಭವ’ ಎಂಬ ಸಾಲಿತ್ತು. ‘ಹೆಚ್ಚು’ ಎಂದು ಗುರುತು ಹಾಕಿದರೆ ಇನ್ನೊಂದು ಪುಟ ವಿವರಣೆ ಬರೆಯಬೇಕಿತ್ತು. ತೊಂಬತ್ತೊಂದು ವರ್ಷದ ಹೆಂಗಸಿನ ಎದುರಿಗೇ ಕೂತು ನಾನು ‘ಕಡಿಮೆ’ ಎಂದು ಗುರುತು ಹಾಕಿದೆ.

ಆಗಸ್ಟಿನಲ್ಲಿ ತಾವು ದೊಡ್ಡ ಮನಸ್ಸಿನಿಂದ ಅನುದಾನ ಮಂಜೂರು ಮಾಡಿ, ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಆರಂಭವಾದ ಕೆಲಸಕ್ಕೆ ನೆರವು ಸಲ್ಲದು ಎಂಬ ನಿಯಮವನ್ನು ದಪ್ಪಕ್ಷರಗಳಲ್ಲಿ ತಿಳಿಸಿದಿರಿ. ದಪ್ಪಕ್ಷರ ಕಂಡರೆ ಎದ್ದು ನಿಲ್ಲುವ ಜಾತಿ ನನ್ನದು. ಮುಂದಿನ ಸಭೆಯಲ್ಲಿ ಮೆರ್ಲ್ ಡಬ್ಬಿಯ ಮೇಲೆ ಬೆರಳು ಇಡುತ್ತಿದ್ದಂತೆಯೇ ಓಡಿಹೋಗಿ, ಹಾಡಿದ್ದು ಕೆಲಸದ ಆರಂಭವೆಂದು ಪರಿಗಣಿತವಾಗಬಹುದು, ದಯವಿಟ್ಟು ಸಹಿ ಬೀಳುವವರೆಗೆ ಹಾಡಬೇಡಿ ಎಂದು ಕೈಮುಗಿದೆ. ಅವರು ಡಬ್ಬಿಯ ಮೇಲಿಂದ ಬೆರಳು ತೆಗೆದು, ‘ಹಾಡ್ಬೇಡ ಅಂತ ನಂಗೆ ಹೇಳಿದೋನು ಆ ಶೆಡ್ಡಿನ ಮೇಸ್ತ್ರಿ ಬಿಟ್ರೆ ನೀನೊಬ್ನೇ ಕಣೋ ಡೆಸ್’ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಮತ್ತೆ ಹಾಡಲಿಲ್ಲ, ಮಾತು ಕೊಟ್ಟರೆ ಉಳಿಸಿಕೊಳ್ಳುವ ಹೆಂಗಸು.

ತಮ್ಮ ಸಹಿಯಾದ ಒಪ್ಪಂದ ಸೆಪ್ಟೆಂಬರಿನ ಒಂದು ಗುರುವಾರ ಕೈಸೇರಿತು. ಅದರ ಹಿಂದಿನ ಭಾನುವಾರ ಬೆಳಿಗ್ಗೆ ಮೆರ್ಲ್ ಅವರಿಗೆ ಪಾರ್ಶ್ವವಾಯು ಬಡಿದಿತ್ತು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು, ಇನ್ನು ಮರಳುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಈಗ ಅವರು ಆರೈಕೆ ಮನೆಯ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದಾರೆ. ನಾನು ಈಗಲೂ ಮಂಗಳವಾರವೇ ಹೋಗುತ್ತೇನೆ. ನನ್ನನ್ನು ಕಂಡರೆ ಕಣ್ಣಲ್ಲಿ ನಗುತ್ತಾರೆ. ಎಡಗೈ ಮಾತ್ರ ಹೊದಿಕೆಯ ಅಂಚನ್ನು ಹಿಡಿದು, ಮಡಿಸಿ, ತಿರುವಿ, ಪಕ್ಕಕ್ಕೆ ಇಟ್ಟು, ಮತ್ತೆ ಹಿಡಿಯುತ್ತದೆ. ಮೊದಲ ಸಲ ಅದು ಸೇಬು ಸುತ್ತುವ ಕೈಯೆಂದು ತಿಳಿದಾಗ ನಾನು ಹೊರಗೆ ಹೋಗಿ ಕಾರಿನಲ್ಲಿ ಕೂತು ಅತ್ತೆ.

ಮಾನ್ಯರೇ, ತಮ್ಮಿಂದ ಯಾವ ತಪ್ಪೂ ಆಗಿಲ್ಲ. ಹೇಳಿದ ದಿನಕ್ಕೆ ನೆರವು ಬಂತು, ಯಂತ್ರ ಬಂತು, ನಗುಮುಖ ಬಂತು. ತಮ್ಮ ನಿಯಮ ನೆರವಿನ ಬಗ್ಗೆ ಇತ್ತೇ ಹೊರತು ಮುದುಕಿಯ ಬಾಯಿ ಮುಚ್ಚಿಸೆಂದು ಯಾವ ಪುಟದಲ್ಲೂ ಇರಲಿಲ್ಲ, ಹುಡುಕಿ ನೋಡಿದ್ದೇನೆ. ಅದು ಪೂರ್ತಿ ನನ್ನ ಸ್ವಂತ ಕೊಡುಗೆ. ಮುಂದೆಂದಾದರೂ ತಮ್ಮ ಆಯ್ಕೆ ಸಮಿತಿ ತೊಂಬತ್ತು ದಾಟಿದವರ ಅರ್ಜಿಗಳನ್ನು ಅವರದೇ ಅಡುಗೆಮನೆಯಲ್ಲಿ, ಆಲೂಗಡ್ಡೆ ಸುಲಿದು ಮುಗಿಯುವುದರೊಳಗೆ, ಇತ್ಯರ್ಥ ಮಾಡುವಂತಾಗಲಿ ಎಂದು ಮಾತ್ರ ಕೋರುತ್ತೇನೆ.

ಇನ್ನು ಖುಲಾಸೆ ಫಾರಂನ ಕೊನೆಯ ಪ್ರಶ್ನೆ: ‘ಈ ಯೋಜನೆಯನ್ನು ಮತ್ತೆ ಮಾಡುವುದಾದರೆ ಏನನ್ನು ಬೇರೆ ರೀತಿಯಲ್ಲಿ ಮಾಡುವಿರಿ?’ ‘ಫೋನು ಒತ್ತಿ, ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದೆ’ ಎಂದು ಬರೆದೆ. ಉತ್ತರ ಕನಿಷ್ಠ ಐವತ್ತು ಪದಗಳಿರಬೇಕೆಂದು ಕೆಂಪಕ್ಷರ ಬಂತು. ಉಳಿದ ನಲವತ್ತೈದು ಪದಗಳು ನನ್ನ ಬಳಿ ಇಲ್ಲ, ತಾವೇ ತುಂಬಿಕೊಳ್ಳಬೇಕು. ಸಂಘದ ಉಳಿದ ಹತ್ತು ಮಂದಿಯನ್ನು ಖುಲಾಸೆ ಮಾಡಿ, ಅವರು ನಿರಪರಾಧಿಗಳು. ನನ್ನದನ್ನು ದಯವಿಟ್ಟು ಬಾಕಿಯೇ ಇಡಿ.

ತಪ್ಪೊಪ್ಪಿಕೊಂಡು ತಲೆತಗ್ಗಿಸಿರುವ,
ತಮ್ಮ ವಿಶ್ವಾಸಿ,
ಡೆಸ್ಮಂಡ್ ಹೇಗಾರ್ತ್
ಕಾರ್ಯದರ್ಶಿ

ಮರೆತ ಮಾತು: ಯೋಜನೆಯ ಫಲವಾಗಿ ಒಂದು ಧ್ವನಿಮುದ್ರಣ ಲಗತ್ತಿಸಿದ್ದೇನೆ, ಯಂತ್ರ ಬಹಳ ಚೆನ್ನಾಗಿದೆ. ಒಪ್ಪಂದದ ಷರತ್ತಿನಂತೆ ಆರಂಭದಲ್ಲಿ ‘ಈ ಹಾಡುಗಳು ಫೆಲ್‌ಹ್ಯಾಮ್ ಪ್ರತಿಷ್ಠಾನದ ಉದಾರ ನೆರವಿನಿಂದ’ ಎಂದು ನಾನು ಸ್ಪಷ್ಟವಾಗಿ ಹೇಳಿದ್ದೇನೆ. ಆಮೇಲೆ ಹನ್ನೊಂದು ನಿಮಿಷ ಕೇಳಿಸುವುದು ಹೊದಿಕೆಯ ಸದ್ದು.